ಬಿಡುಗಡೆಯ ದಿನ ಗೊತ್ತುಮಾಡುವವರು ಯಾರು?

೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯವರು ತಮ್ಮ ವಿಂಡೋಸ್ ೧೦ಕ್ಕೆ ಆರೈಕೆ ನಿಲ್ಲಿಸಿದರು. ಹಿಂದಿನ ದಿನ ಸರಿಯಾಗಿದ್ದ ಕಂಪ್ಯೂಟರು ಮರುದಿನವೂ ಸರಿಯಾಗಿಯೇ ಇತ್ತು. ಅದರ ಕೀಲಿಮಣೆಯ ಒಂದು ಗುಂಡಿಯೂ ಸವೆದಿರಲಿಲ್ಲ, ಒಂದು ತಂತಿಯೂ ಕಡಿದಿರಲಿಲ್ಲ. ಆದರೂ ಅದಕ್ಕೆ ವಯಸ್ಸಾಯಿತೆಂದು ತೀರ್ಪಾಯಿತು. ಹೊಸ ವಿಂಡೋಸ್ ೧೧ ಹಾಕಿಕೊಳ್ಳಬೇಕೆಂದರೆ ಯಂತ್ರದಲ್ಲಿ ಟಿಪಿಎಂ ೨.೦ ಎಂಬ ಭದ್ರತೆಯ ಏರ್ಪಾಡು ಇರಬೇಕು, ಕಂಪನಿಯವರ ಪಟ್ಟಿಯಲ್ಲಿ ಹೆಸರುಳ್ಳ ಪ್ರೊಸೆಸರು ಇರಬೇಕು. ಇವಿಲ್ಲದ ಮನೆಬಳಕೆಯ ಜನ ಹೊಸ ಯಂತ್ರ ಕೊಳ್ಳಬೇಕು, ಇಲ್ಲವೆ ಷರತ್ತಿಗೆ ಒಪ್ಪಿ ಒಂದು ವರ್ಷದ ವಾಯಿದೆ ಪಡೆಯಬೇಕು. ದುಡ್ಡು ಕೊಟ್ಟು ಕೊಂಡವನಿಗೆ ಈ ವಿಷಯದಲ್ಲಿ ಆಡುವುದಕ್ಕೆ ಮಾತೇ ಇರಲಿಲ್ಲ. ತಾರೀಖನ್ನು ಯಾರೂ ಅವನನ್ನು ಕೇಳಿ ಗೊತ್ತುಮಾಡಿರಲಿಲ್ಲ.

ಆ ದಿನಗಳಲ್ಲಿ ಬಹಳ ಜನ ಒಂದು ಸಲಹೆ ಕೊಟ್ಟರು. ವಿಂಡೋಸ್ ಬಿಡಿ, ಲಿನಕ್ಸಿಗೆ ಬನ್ನಿ; ಪುಕ್ಕಟೆಯಾಗಿ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂದರು. ಸಲಹೆ ಒಳ್ಳೆಯದೇ. ನಾವು ಅದನ್ನು ಅಲ್ಲಗಳೆಯುವವರಲ್ಲ. ಆದರೆ ಹೀಗೆ ಹೇಳುವವರು ಒಂದು ಸಂಗತಿಯನ್ನು ಬಾಯೊಳಗೇ ಇಟ್ಟುಕೊಳ್ಳುತ್ತಾರೆ. ಮುಕ್ತ ತಂತ್ರಾಂಶದ ವ್ಯವಸ್ಥೆಗಳಿಗೂ ಆಯುಷ್ಯ ಗೊತ್ತಾಗಿರುತ್ತದೆ. ಅಲ್ಲಿಯೂ ಹೊಸ ಬಿಡುಗಡೆ ಬರುತ್ತದೆ, ಹಳೆಯದರ ಆರೈಕೆ ನಿಲ್ಲುತ್ತದೆ. ಹಾಗಿದ್ದ ಮೇಲೆ ವ್ಯತ್ಯಾಸವೇನು? ಅಲ್ಲಿ ತಾರೀಖನ್ನು ಗೊತ್ತುಮಾಡುವವರು ಯಾರು? ಆ ತಾರೀಖಿನ ಹಿಂದೆ ದುಡಿಯುವವರು ಯಾರು? ಕೊಟ್ಟ ಮಾತು ತಪ್ಪಿದರೆ ಕೇಳುವವರುಂಟೇ? ಈ ಪ್ರಶ್ನೆಗಳನ್ನು ಕೇಳದೆ "ಪುಕ್ಕಟೆ" ಎಂಬ ಒಂದೇ ಮಾತಿಗೆ ಮರುಳಾದವರು ಪೇಚಿಗೆ ಸಿಕ್ಕುತ್ತಾರೆ; ಸಿಕ್ಕಿಯೂ ಇದ್ದಾರೆ.

ವಿಷಯ ಹೊಸದಾಗಿರುವ ವಾಚಕರಿಗಾಗಿ ನಾಲ್ಕು ಮಾತು. ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸುವ ಬರೆಯುವ, ಲೆಕ್ಕ ಮಾಡುವ, ಪತ್ರ ಕಳಿಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಏರ್ಪಾಡಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸ್ ಅಂಥದ್ದೊಂದು, ಅದರ ಒಳಬರಹ ಕಂಪನಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡಿದೆ. ಲಿನಕ್ಸ್ ಹಾಗಲ್ಲ. ೧೯೯೧ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಅದರ ಒಳಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರ ಕಣ್ಣೆದುರಿಗಿದೆ. ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಆದರೆ ಲಿನಕ್ಸ್ ಎಂಬುದು ಕೇವಲ ತಿರುಳು. ಅದರ ಸುತ್ತ ಸಾವಿರಾರು ಬಿಡಿ ತಂತ್ರಾಂಶಗಳನ್ನು ಕೂಡಿಸಿ, ಹೊಂದಿಸಿ, ಪರೀಕ್ಷಿಸಿ ಬಳಸುವ ರೂಪಕ್ಕೆ ತರುವ ಕೆಲಸವನ್ನು ಬೇರೆ ಬೇರೆ ತಂಡಗಳು ಮಾಡುತ್ತವೆ. ಡೆಬಿಯನ್, ಉಬುಂಟು, ಫೆಡೋರಾ ಮುಂತಾದವು ಹೀಗೆ ಹುಟ್ಟಿದ ವಿತರಣೆಗಳು. ನಾವು ಈಗ ಆಡಲಿರುವ ಮಾತೆಲ್ಲ ಈ ತಂಡಗಳ ವಿಚಾರ.

ಅಪ್‌ಡೇಟ್ ಎಂಬ ಒಂದೇ ಶಬ್ದದೊಳಗೆ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ ಎಂಬುದನ್ನು ಮೊದಲು ತಿಳಿಯಬೇಕು. ಒಂದು, ಇದ್ದದ್ದನ್ನು ದುರಸ್ತಿ ಮಾಡುವುದು. ಇನ್ನೊಂದು, ಇದ್ದದ್ದನ್ನು ತೆಗೆದು ಹೊಸದನ್ನು ಇಡುವುದು. ಸೂರಿನ ಒಡೆದ ಹೆಂಚನ್ನು ಬದಲಿಸುವುದಕ್ಕೂ ಮನೆ ಬಿಚ್ಚಿ ಬೇರೆ ಕಟ್ಟುವುದಕ್ಕೂ ವ್ಯತ್ಯಾಸವಿಲ್ಲವೇ? ಕಂಪನಿಗಳ ಪದ್ಧತಿಯೆಂದರೆ ಹೆಂಚು ಬದಲಿಸುತ್ತೇವೆಂದು ಮಾಡು ಹತ್ತಿ ಬಾಗಿಲನ್ನೂ ಬೇರೆ ಕಡೆಗೆ ತಿರುಗಿಸಿ ಹೋಗುವುದು. ಬೆಳಿಗ್ಗೆ ಎದ್ದವನು ತನ್ನ ಮನೆಯಲ್ಲಿಯೇ ದಾರಿ ಹುಡುಕುತ್ತಾನೆ.

ಈ ಎರಡನ್ನೂ ಅತ್ಯಂತ ಕಟ್ಟುನಿಟ್ಟಾಗಿ ಬೇರ್ಪಡಿಸಿದವರು ಡೆಬಿಯನ್ ತಂಡದವರು. ೧೯೯೩ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬ ತರುಣ ಆರಂಭಿಸಿದ ಈ ಕೆಲಸಕ್ಕೆ ಮಾಲೀಕ ಕಂಪನಿ ಇಲ್ಲ. ನಾನಾ ದೇಶಗಳಲ್ಲಿ ಚದರಿರುವ ಸದಸ್ಯರು ತಮಗೆ ತಾವೇ ಸಂವಿಧಾನವೊಂದನ್ನು ಬರೆದುಕೊಂಡಿದ್ದಾರೆ. ವರ್ಷಕ್ಕೊಮ್ಮೆ ಮತ ಹಾಕಿ ಮುಖಂಡನನ್ನು ಆರಿಸುತ್ತಾರೆ. ಆ ಸಂವಿಧಾನದ ಪ್ರಕಾರ ಯಾವ ಸದಸ್ಯನ ಮೇಲೂ ಕೆಲಸವನ್ನು ಹೇರುವಂತಿಲ್ಲ. ಮುಖಂಡನಾದವನೂ ಅಪ್ಪಣೆ ಕೊಡಲಾರ. ಇಂಥ ಮಂದಿ ಸುಮಾರು ೭೦ ಸಾವಿರ ಪ್ಯಾಕೇಜುಗಳುಳ್ಳ ವ್ಯವಸ್ಥೆಯನ್ನು ಎರಡೆರಡು ವರ್ಷಕ್ಕೊಮ್ಮೆ ಸರಿಯಾಗಿ ಹೊರಗೆ ತರುತ್ತಾರೆಂದರೆ ಆಶ್ಚರ್ಯವೇ. ಹೇಗೆ ತರುತ್ತಾರೆ?

ಅವರಲ್ಲಿ ಮೂರು ಅಂಕಣಗಳುಂಟು. ಹೊಸದಾಗಿ ಬಂದ ಸರಕೆಲ್ಲ ಮೊದಲು ಅಸ್ಥಿರ ಎಂಬ ಅಂಕಣಕ್ಕೆ ಬೀಳುತ್ತದೆ. ಇದಕ್ಕೆ ಸಿಡ್ ಎಂದು ಅಡ್ಡಹೆಸರು. ಡೆಬಿಯನ್ನಿನವರು ತಮ್ಮ ಬಿಡುಗಡೆಗಳಿಗೆಲ್ಲ ಟಾಯ್ ಸ್ಟೋರಿ ಎಂಬ ಮಕ್ಕಳ ಚಿತ್ರದ ಪಾತ್ರಗಳ ಹೆಸರಿಡುವ ಪದ್ಧತಿ, ಸಿಡ್ ಅದರಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆಯ ಹುಡುಗ. ಅಲ್ಲಿ ಸಾಧಾರಣವಾಗಿ ಎರಡರಿಂದ ಹತ್ತು ದಿನ ಇದ್ದು, ದೊಡ್ಡ ದೋಷವೇನೂ ಹೊಸದಾಗಿ ಕಾಣದಿದ್ದರೆ, ತನ್ನನ್ನು ಅವಲಂಬಿಸಿದವುಗಳಿಗೆ ಕೇಡಾಗದಿದ್ದರೆ, ಆ ಸರಕು ಪರೀಕ್ಷೆಯ ಅಂಕಣಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆಯ ಅಂಕಣಕ್ಕೆ ಹಂತಹಂತವಾಗಿ ಬಾಗಿಲು ಹಾಕುತ್ತಾರೆ. ಹೊಸದಕ್ಕೆ ಪ್ರವೇಶವಿಲ್ಲ, ಇರುವುದನ್ನು ತಿದ್ದುವ ಕೆಲಸ ಮಾತ್ರ. ಬಿಡುಗಡೆಗೆ ಅಡ್ಡಿಯಾಗುವ ದೋಷಗಳ ಪಟ್ಟಿ ಸಾರ್ವಜನಿಕವಾಗಿರುತ್ತದೆ. ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಪಟ್ಟಿ ಕರಗಿದ ಮೇಲೆ ಸ್ಥಿರ ಎಂಬ ಬಿಡುಗಡೆ. ೨೦೨೫ರಲ್ಲಿ ಹೀಗೆ ಮಾರ್ಚ್ ೧೫ರಂದು ಬಾಗಿಲು ಹಾಕತೊಡಗಿ ಆಗಸ್ಟ್ ೯ರಂದು ಟ್ರಿಕ್ಸಿ ಎಂಬ ೧೩ನೆಯ ಬಿಡುಗಡೆಯನ್ನು ಹೊರಗೆ ಬಿಟ್ಟರು. ಬಾಗಿಲು ಹಾಕುವ ದಿನ ಮೊದಲೇ ಗೊತ್ತು. ತೆರೆಯುವ ದಿನ ಕೆಲಸ ಮುಗಿದಾಗ. ಈ ಒಂದು ಕಟ್ಟಳೆಯಲ್ಲಿ ಬಹಳ ವಿವೇಕ ಅಡಗಿದೆಯೆಂದು ನಮ್ಮ ಭಾವನೆ.

ಸ್ಥಿರ ಬಿಡುಗಡೆಯಾದ ಮೇಲೆ ಅದರೊಳಕ್ಕೆ ಹೊಸ ಆವೃತ್ತಿಗಳನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಭದ್ರತೆಯ ತೂತು ಕಂಡರೆ, ಹೊಸ ಆವೃತ್ತಿಯಲ್ಲಿ ಆ ತೂತನ್ನು ಮುಚ್ಚಿದ ನಾಲ್ಕಾರು ಸಾಲುಗಳನ್ನಷ್ಟೇ ಹೆಕ್ಕಿ ತಂದು ಹಳೆಯ ಆವೃತ್ತಿಗೆ ಹೊಲಿಯುತ್ತಾರೆ. ಇದು ಎಷ್ಟು ಸೂಕ್ಷ್ಮದ, ಎಷ್ಟು ಬೇಸರದ ಕೆಲಸವೆಂಬುದನ್ನು ಮಾಡಿದವರೇ ಬಲ್ಲರು. ಹೊಸದನ್ನು ಬರೆದವನಿಗೆ ಹೆಸರುಂಟು. ಹಳೆಯದಕ್ಕೆ ತೇಪೆ ಹಾಕಿದವನನ್ನು ಕೇಳುವವರಿಲ್ಲ. ಬಳಸುವವನಿಗಾದರೋ ಇದರಿಂದ ದೊಡ್ಡ ಉಪಕಾರ: ಯಂತ್ರ ಸುರಕ್ಷಿತವಾಗಿಯೂ ಇರುತ್ತದೆ, ನಿನ್ನೆ ಇದ್ದಂತೆಯೂ ಇರುತ್ತದೆ.

ನಷ್ಟವಿಲ್ಲವೆಂದಲ್ಲ. ಕನ್ನಡದ ಒತ್ತಕ್ಷರವೊಂದು ತೆರೆಯ ಮೇಲೆ ತಪ್ಪಾಗಿ ಮೂಡುತ್ತಿದೆಯೆಂದು ಇಟ್ಟುಕೊಳ್ಳಿ. ಯಾರೋ ಪುಣ್ಯಾತ್ಮರು ಅದನ್ನು ತಿದ್ದಿ ಹೊಸ ಆವೃತ್ತಿಗೆ ಸೇರಿಸಿದರು. ಆದರೆ ಅದು ಭದ್ರತೆಯ ವಿಷಯವಲ್ಲ. ಆದ್ದರಿಂದ ಸ್ಥಿರ ಬಿಡುಗಡೆಯ ಬಳಕೆದಾರನಿಗೆ ಆ ತಿದ್ದುಪಡಿ ಮುಟ್ಟಬೇಕಾದರೆ ಮುಂದಿನ ಬಿಡುಗಡೆಯತನಕ, ಒಂದು ವರ್ಷವೋ ಎರಡು ವರ್ಷವೋ, ಕಾಯಬೇಕಾಗಬಹುದು. ಇಂಗ್ಲಿಷಿನಲ್ಲಿ ಬರೆಯುವವನಿಗೆ ಎರಡು ವರ್ಷ ಹಳೆಯ ವ್ಯವಸ್ಥೆ ಎಂದರೆ ಹಳೆಯ ಅಂಗಿ. ಕನ್ನಡದಲ್ಲಿ ಬರೆಯುವವನಿಗೆ ಅದೇ ಹರಿದ ಅಂಗಿಯಾಗಬಹುದು. ಸ್ಥಿರತೆಯನ್ನು ಹೊಗಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಯುವುದಕ್ಕೂ ಮಿತಿಯುಂಟು ಎಂಬುದನ್ನು ಡೆಬಿಯನ್ನಿನವರೇ ಕಂಡುಂಡವರು. ಅವರ ೩.೦ನೆಯ ಬಿಡುಗಡೆ ೨೦೦೨ರ ಜುಲೈನಲ್ಲಿ ಬಂದರೆ ಅದರ ಮುಂದಿನದು ಬಂದದ್ದು ೨೦೦೫ರ ಜೂನ್‌ನಲ್ಲಿ. ಜನ ಬೇಸತ್ತರು, ನಕ್ಕರು, ಬಿಟ್ಟೂ ಹೋದರು. ಆ ಸಂದಿಯಲ್ಲೇ, ೨೦೦೪ರ ಅಕ್ಟೋಬರಿನಲ್ಲಿ, ದಕ್ಷಿಣ ಆಫ್ರಿಕದ ಶ್ರೀಮಂತ ಮಾರ್ಕ್ ಶಟಲ್‌ವರ್ತ್ ಅವರ ಉಬುಂಟು ಹುಟ್ಟಿತು. ಡೆಬಿಯನ್ನಿನ ಸರಕನ್ನೇ ತೆಗೆದುಕೊಂಡು ಆರು ತಿಂಗಳಿಗೊಮ್ಮೆ ಬಿಡುಗಡೆ ಮಾಡುತ್ತೇವೆ, ತಾರೀಖು ತಪ್ಪುವುದಿಲ್ಲ ಎಂದರು. ಬಿಡುಗಡೆಯ ಹೆಸರೇ ತಾರೀಖು: ೨೪.೦೪ ಎಂದರೆ ೨೦೨೪ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಬರುವುದಕ್ಕೆ ಐದು ವರ್ಷದ ಆರೈಕೆಯ ಮಾತು ಕೊಟ್ಟರು. ೨೦೦೬ರ ಏಪ್ರಿಲಿನದು ಮಾತ್ರ ಸಿದ್ಧವಾಗಿಲ್ಲವೆಂದು ಆರು ವಾರ ಮುಂದೆ ಹಾಕಿ ಜೂನ್‌ನಲ್ಲಿ ಬಿಟ್ಟರು. ಆದ್ದರಿಂದ ಅದರ ಹೆಸರು ೬.೦೬. ಗಡಿಯಾರಕ್ಕೆ ಮಾತುಕೊಟ್ಟವರೂ ಒಮ್ಮೆ ಗಡಿಯಾರ ನಿಲ್ಲಿಸಿದರಲ್ಲ, ಅದು ಮೆಚ್ಚತಕ್ಕ ಸಂಗತಿ. ಫೆಡೋರಾದವರದ್ದೂ ಆರು ತಿಂಗಳ ಲೆಕ್ಕ, ಆದರೆ ಆರೈಕೆ ಸುಮಾರು ಹದಿಮೂರು ತಿಂಗಳು ಮಾತ್ರ. ಆರ್ಚ್ ಎಂಬ ಇನ್ನೊಂದರಲ್ಲಿ ಬಿಡುಗಡೆಯೆಂಬುದೇ ಇಲ್ಲ. ಹೊಳೆಯ ಹಾಗೆ ಹೊಸದು ಹರಿಯುತ್ತಲೇ ಇರುತ್ತದೆ, ಈಜು ಬಲ್ಲವರಿಗೆ ಅದು ಸರಿ.

ತಾರೀಖಿನ ಆಸೆ ಡೆಬಿಯನ್ನಿನೊಳಗೂ ಒಂದು ಜಗಳ ಹುಟ್ಟಿಸಿತು. ಆ ಜಗಳ ನಮ್ಮ ಓದುಗರು ತಿಳಿಯತಕ್ಕದ್ದು. ೨೦೦೬ರ ಸೆಪ್ಟೆಂಬರಿನಲ್ಲಿ ಆಗಿನ ಮುಖಂಡ ಆಂಥೊನಿ ಟೌನ್ಸ್ ಮತ್ತು ಕೆಲವರು ಸೇರಿ ಡಂಕ್-ಟ್ಯಾಂಕ್ ಎಂಬ ಹೆಸರಿನಲ್ಲಿ ಒಂದು ಯೋಜನೆ ಹೂಡಿದರು. ಆ ವರ್ಷದ ಡಿಸೆಂಬರಿಗೆ ಬರಬೇಕಾಗಿದ್ದ ಬಿಡುಗಡೆ ತಡವಾಗದಿರಲೆಂದು, ಬಿಡುಗಡೆಯ ಹೊಣೆ ಹೊತ್ತ ಇಬ್ಬರಿಗೆ ತಲಾ ಒಂದು ತಿಂಗಳ ಸಂಬಳ ಕೊಟ್ಟು ಪೂರ್ತಿ ಹೊತ್ತು ಕೆಲಸ ಮಾಡಿಸುವುದು. ಉದ್ದೇಶ ಒಳ್ಳೆಯದೇ. ಆದರೆ ಉಳಿದವರು ಕೇಳಿದರು: ಎಲ್ಲರೂ ಸಂಬಳವಿಲ್ಲದೆ ದುಡಿಯುವ ಕಡೆ ಇಬ್ಬರಿಗೆ ಮಾತ್ರ ಸಂಬಳ ಯಾಕೆ? ಯಾರ ಕೆಲಸ ದುಡ್ಡಿಗೆ ಯೋಗ್ಯ, ಯಾರದ್ದು ಅಲ್ಲ ಎಂದು ತೀರ್ಮಾನಿಸಿದವರು ಯಾರು? ಕೆಲವರು ತಮ್ಮ ಕೆಲಸವನ್ನು ಕಡಿಮೆ ಮಾಡುತ್ತೇವೆಂದು ಬಹಿರಂಗವಾಗಿ ಸಾರಿದರು. ಮುಖಂಡನನ್ನು ಇಳಿಸುವ ಗೊತ್ತುವಳಿಯೂ ಮತಕ್ಕೆ ಬಂದು ಸೋತಿತು. ಕೊನೆಗೆ ಡಿಸೆಂಬರಿನ ಬಿಡುಗಡೆ ಬಂದದ್ದು ೨೦೦೭ರ ಏಪ್ರಿಲ್ ೮ರಂದು.

ಈ ಪ್ರಸಂಗವನ್ನು ಎತ್ತಿ ಆಡುವವರು ಎರಡು ಪಂಗಡ. ದುಡ್ಡು ಬಂದರೆ ಸೇವೆ ಕೆಡುತ್ತದೆ ಎನ್ನುವವರು ಒಂದು ಪಂಗಡ. ಪುಕ್ಕಟೆ ದುಡಿಯುವವರನ್ನು ನಂಬಿದರೆ ಹೀಗೆಯೇ ಎನ್ನುವವರು ಇನ್ನೊಂದು. ನಮಗೆ ಎರಡೂ ಸರಿತೋರುವುದಿಲ್ಲ. ಕೂಲಿ ಕೊಡುವುದು ತಪ್ಪಲ್ಲ. ಕೂಲಿಯನ್ನು ನಾಲ್ಕು ಜನ ಮೂಲೆಯಲ್ಲಿ ಕುಳಿತು ಗೊತ್ತುಮಾಡಿ, ಮಿಕ್ಕವರ ದುಡಿಮೆಯನ್ನು ಕರ್ತವ್ಯವೆಂದು ಕರೆದರೆ ಅದು ತಪ್ಪು. ಇದಕ್ಕೆ ಸಾಕ್ಷಿಯನ್ನು ಡೆಬಿಯನ್ನೇ ಒದಗಿಸಿತು. ೨೦೧೪ರಿಂದ ಅಲ್ಲಿ ಹಳೆಯ ಬಿಡುಗಡೆಗಳಿಗೆ ಒಟ್ಟು ಐದು ವರ್ಷದ ಆರೈಕೆ ಸಿಗುವಂತೆ ದೀರ್ಘಾವಧಿಯ ಏರ್ಪಾಡೊಂದು ನಡೆದುಬಂದಿದೆ. ಬಳಸುವ ಸಂಸ್ಥೆಗಳು ವಂತಿಗೆ ಹಾಕುತ್ತವೆ, ಫ್ರೆಕ್ಸಿಯನ್ ಎಂಬ ಸಣ್ಣ ಸಂಸ್ಥೆ ಅದನ್ನು ಒಟ್ಟುಗೂಡಿಸುತ್ತದೆ, ದುಡಿದ ಗಂಟೆಗೆ ಕೂಲಿ ಬರುತ್ತದೆ, ಯಾರು ಏನು ಮಾಡಿದರೆಂಬ ವರದಿ ಎಲ್ಲರಿಗೂ ಕಾಣುತ್ತದೆ. ಬೇಸರದ ಕೆಲಸಕ್ಕೆ ಕೂಲಿ, ಕಣ್ಣೆದುರಿಗೆ ಲೆಕ್ಕ. ಇದರಿಂದ ಯಾರ ಸೇವಾಬುದ್ಧಿಯೂ ಕೆಟ್ಟಂತೆ ಕಾಣುವುದಿಲ್ಲ.

ಕೂಲಿ ಕೊಡದೆ ಅವಸರ ಮಾತ್ರ ಮಾಡಿದರೆ ಏನಾಗುತ್ತದೆಂಬುದು ೨೦೨೪ರಲ್ಲಿ ಜಗತ್ತಿಗೆ ತಿಳಿಯಿತು. ಎಕ್ಸ್‌ಜಡ್ ಎಂಬುದು ಕಡತಗಳನ್ನು ಅದುಮಿ ಚಿಕ್ಕದು ಮಾಡುವ ಒಂದು ಸಣ್ಣ ತಂತ್ರಾಂಶ. ಲಿನಕ್ಸಿನ ಬಹುಪಾಲು ವಿತರಣೆಗಳಲ್ಲಿ ಅದು ಇದೆ. ಅದನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬಂದವರು ಫಿನ್‌ಲ್ಯಾಂಡಿನ ಲಾಸೆ ಕೊಲಿನ್ ಎಂಬ ಒಬ್ಬರೇ, ಅದೂ ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ. ೨೦೨೨ರಲ್ಲಿ ಅಪರಿಚಿತ ಹೆಸರುಗಳಿಂದ ಅವರ ಮೇಲೆ ಒತ್ತಡ ಬರತೊಡಗಿತು: ಬಿಡುಗಡೆ ತಡವಾಗುತ್ತಿದೆ, ನಿಮ್ಮ ಕೈಲಾಗದಿದ್ದರೆ ಬೇರೆಯವರಿಗೆ ಕೊಡಿ ಎಂದು. ಆ ಹೊತ್ತಿಗೆ ಸರಿಯಾಗಿ ಸಹಾಯಕ್ಕೆ ನಿಂತವನು ಜಿಯಾ ಟಾನ್ ಎಂಬ ಹೆಸರಿನವನು. ಆ ಹೆಸರಿನ ಹಿಂದೆ ಯಾರಿದ್ದರೆಂಬುದು ಬಯಲಾಗಿಲ್ಲ. ಎರಡು ವರ್ಷ ನಂಬಿಕೆ ಗಳಿಸಿ, ೨೦೨೪ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಬಿಡುಗಡೆಗಳಲ್ಲಿ ಆತ ಒಂದು ಕಳ್ಳಬಾಗಿಲನ್ನು ಅಡಗಿಸಿದ. ದೂರದಿಂದ ಸರ್ವರುಗಳ ಒಳಗೆ ನುಗ್ಗಲು ದಾರಿ ಮಾಡಿಕೊಡುವ ಬಾಗಿಲು ಅದು. ಅಷ್ಟಕ್ಕೇ ನಿಲ್ಲದೆ, ಹೊಸ ಆವೃತ್ತಿಯನ್ನು ಬೇಗ ಸೇರಿಸಿಕೊಳ್ಳಿರೆಂದು ವಿತರಣೆಗಳ ತಂಡಗಳಿಗೂ ದುಂಬಾಲು ಬೀಳಲಾಯಿತು.

ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು. ಅವರಿಗೆ ಸಂಬಳ ಕೊಡುವವರು ಮೈಕ್ರೋಸಾಫ್ಟಿನವರೇ ಎಂಬುದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿದೆ, ಯಾಕೆ ಎಂದು ಅವರು ಬೆನ್ನುಹತ್ತಿದರು. ಒಳಬರಹ ತೆರೆದಿದ್ದುದರಿಂದ ಬುಡ ಮುಟ್ಟಿದರು. ಮಾರ್ಚ್ ೨೯ರಂದು ಎಲ್ಲರಿಗೂ ತಿಳಿಸಿದರು. ಅಷ್ಟರಲ್ಲಿ ಕಳ್ಳಸರಕು ಎಲ್ಲಿಯವರೆಗೆ ಬಂದಿತ್ತು? ಡೆಬಿಯನ್ನಿನ ಅಸ್ಥಿರ ಮತ್ತು ಪರೀಕ್ಷೆಯ ಅಂಕಣಗಳಿಗೆ, ಫೆಡೋರಾದ ಇನ್ನೂ ಸಿದ್ಧವಾಗದ ಬಿಡುಗಡೆಗೆ, ಹೊಳೆಯಂತೆ ಹರಿಯುವ ಕೆಲವು ವಿತರಣೆಗಳಿಗೆ. ಡೆಬಿಯನ್ನಿನ ಸ್ಥಿರ ಬಿಡುಗಡೆಗೆ ಅದು ಮುಟ್ಟಿರಲಿಲ್ಲ. ಉಬುಂಟುವಿನವರು ೨೪.೦೪ರ ಪರೀಕ್ಷಾ ಆವೃತ್ತಿಯನ್ನು ಒಂದು ವಾರ ತಡೆದು, ಪ್ಯಾಕೇಜುಗಳನ್ನು ಮತ್ತೆ ಕಟ್ಟಿ ಹೊರಗೆ ಬಿಟ್ಟರು. ಮುದುಕರ ನಡಿಗೆ ಎಂದು ಹಾಸ್ಯಕ್ಕೆ ಗುರಿಯಾಗಿದ್ದ ಆ ನಿಧಾನವೇ ಕಾಪಾಡಿತು.

ಅದೇ ವರ್ಷ ಜುಲೈ ೧೯ರಂದು ಬೇರೊಂದು ಕಡೆ ಅವಸರದ ಫಲ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಕಡತ, ತಡೆಯುವ ಅಂಕಣವಾವುದೂ ಇಲ್ಲದೆ, ಒಂದೇ ಹೊತ್ತಿಗೆ ಲೋಕದ ಮೂಲೆಮೂಲೆಗೆ ಹೋಗಿ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ನೆಲಕ್ಕೆ ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟದ್ದು ವಾಚಕರಿಗೆ ನೆನಪಿರಬಹುದು.

ಇಷ್ಟು ಹೇಳಿದ ಮಾತ್ರಕ್ಕೆ ಮುಕ್ತ ತಂತ್ರಾಂಶದಲ್ಲಿ ಧಣಿಗಳಿಲ್ಲ ಎಂದುಕೊಳ್ಳಬಾರದು. ಅಲ್ಲಿಯೂ ಧಣಿಗಳಿದ್ದಾರೆ; ಸೆಂಟ್‌ಓಎಸ್‌ನ ಕತೆಯೇ ಇದಕ್ಕೆ ಸಾಕ್ಷಿ. ರೆಡ್ ಹ್ಯಾಟ್ ಎಂಬ ಅಮೆರಿಕದ ಕಂಪನಿ ತನ್ನ ಲಿನಕ್ಸನ್ನು ಹತ್ತು ವರ್ಷದ ಆರೈಕೆಯ ಭರವಸೆಯೊಂದಿಗೆ ದೊಡ್ಡ ಸಂಸ್ಥೆಗಳಿಗೆ ಚಂದಾದ ಮೇಲೆ ಕೊಡುತ್ತದೆ. ಅದರ ಒಳಬರಹ ಮುಕ್ತವಾದ್ದರಿಂದ, ಅದೇ ಬರಹದಿಂದ ಪುಕ್ಕಟೆಯ ತದ್ರೂಪನ್ನು ಕೆಲವು ಸ್ವಯಂಸೇವಕರು ೨೦೦೪ರಿಂದ ಕಟ್ಟಿಕೊಡುತ್ತ ಬಂದರು. ಅದೇ ಸೆಂಟ್‌ಓಎಸ್. ಲೋಕದ ಅಸಂಖ್ಯ ಸರ್ವರುಗಳು ಅದರ ಮೇಲೆ ನಡೆಯತೊಡಗಿದವು. ೨೦೧೪ರಲ್ಲಿ ರೆಡ್ ಹ್ಯಾಟ್ ಕಂಪನಿ ಆ ತಂಡವನ್ನು ತನ್ನ ಮಡಿಲಿಗೆ ಹಾಕಿಕೊಂಡಿತು. ೨೦೧೯ರ ಜುಲೈನಲ್ಲಿ ರೆಡ್ ಹ್ಯಾಟನ್ನೇ ಐಬಿಎಂ ಕಂಪನಿ ೩,೪೦೦ ಕೋಟಿ ಡಾಲರಿಗೆ ಕೊಂಡಿತು. ಆ ಸೆಪ್ಟೆಂಬರಿನಲ್ಲಿ ಸೆಂಟ್‌ಓಎಸ್ ೮ ಹೊರಬಂತು. ೨೦೨೯ರವರೆಗೆ ಆರೈಕೆಯುಂಟು ಎಂಬ ತಿಳಿವಳಿಕೆಯಲ್ಲಿ ಜನ ತಮ್ಮ ಯಂತ್ರಗಳನ್ನು ಅದಕ್ಕೆ ಬದಲಿಸಿದರು. ೨೦೨೦ರ ಡಿಸೆಂಬರ್ ೮ರಂದು ಘೋಷಣೆ ಬಂತು: ೨೦೨೧ರ ಡಿಸೆಂಬರ್ ೩೧ಕ್ಕೆ ಸೆಂಟ್‌ಓಎಸ್ ೮ ಮುಕ್ತಾಯ. ಎಂಟು ವರ್ಷ ಬಾಕಿಯಿದ್ದ ಗೇಣಿಯನ್ನು ಒಂದು ವರ್ಷದ ನೋಟೀಸಿನಲ್ಲಿ ಬಿಡಿಸಿದ ಹಾಗಾಯಿತು. ಇದರಲ್ಲಿನ ತಮಾಷೆಯೆಂದರೆ, ಹೊಸದಕ್ಕೆ ಹೋಗದೆ ಸೋಮಾರಿಯಾಗಿ ಸೆಂಟ್‌ಓಎಸ್ ೭ರಲ್ಲೇ ಕುಳಿತವರಿಗೆ ೨೦೨೪ರ ಜೂನ್‌ವರೆಗೂ ಆರೈಕೆ ನಡೆಯಿತು. ಬೇಗ ಎದ್ದವರಿಗೆ ಬೀದಿ, ಮಲಗಿದವರಿಗೆ ಮನೆ!

ಇಲ್ಲಿಯತನಕ ಇದಕ್ಕೂ ವಿಂಡೋಸಿನ ಕತೆಗೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣುವುದು ಮರುದಿನದಿಂದ. ಸೆಂಟ್‌ಓಎಸ್‌ನ ಆರಂಭದಲ್ಲಿದ್ದ ಗ್ರೆಗರಿ ಕರ್ಟ್ಸರ್ ಎಂಬವರು ಕೂಡಲೇ ರಾಕಿ ಲಿನಕ್ಸ್ ಎಂಬ ಹೊಸ ತದ್ರೂಪನ್ನು ಕಟ್ಟತೊಡಗಿದರು. ಇನ್ನೊಂದು ಕಡೆ ಆಲ್ಮಾಲಿನಕ್ಸ್ ಎದ್ದಿತು. ಆಲ್ಮಾ ೨೦೨೧ರ ಮಾರ್ಚಿನಲ್ಲಿ, ರಾಕಿ ಜೂನ್‌ನಲ್ಲಿ, ಅಂದರೆ ಗಡುವಿಗೆ ಬಹಳ ಮುಂಚೆಯೇ, ಬಳಕೆಗೆ ಸಿದ್ಧವಾದವು. ಕೆಳಗಿನ ನೆಲ ಎಲ್ಲರದಾಗಿದ್ದುದರಿಂದ ಒಕ್ಕಲೆಬ್ಬಿಸಿದವರು ಪಕ್ಕದಲ್ಲೇ ಮನೆ ಕಟ್ಟಿಕೊಂಡರು. ವಿಂಡೋಸ್ ೧೦ರ ಬಳಕೆದಾರರು ಕೋಟಿಗಟ್ಟಲೆ ಇದ್ದೂ ಹೀಗೆ ಮಾಡಲಾರರು. ಅವರ ಕೈಗೆ ಒಳಬರಹವೇ ಇಲ್ಲ. ೨೦೨೩ರ ಜೂನ್‌ನಲ್ಲಿ ರೆಡ್ ಹ್ಯಾಟ್ ಮತ್ತೊಂದು ಬೇಲಿ ಹಾಕಿತು. ತನ್ನ ಬಿಡುಗಡೆಯ ಒಳಬರಹವನ್ನು ಬಹಿರಂಗವಾಗಿ ಇಡುವುದನ್ನು ನಿಲ್ಲಿಸಿ ಗಿರಾಕಿಗಳಿಗೆ ಮಾತ್ರ ಎಂದಿತು. ಪರವಾನಗಿಯ ಅಕ್ಷರಕ್ಕೆ ಅದು ವಿರುದ್ಧವಲ್ಲವೆಂದು ಕಂಪನಿಯವರು ವಾದಿಸುತ್ತಾರೆ. ಅಕ್ಷರದ ಮಾತು ವಕೀಲರಿಗಿರಲಿ. ಸಾವಿರಾರು ಹೊರಗಿನವರ ದುಡಿಮೆಯೂ ಸೇರಿದ ಬೆಳೆಗೆ ಕಣದಲ್ಲಿ ಕಾವಲು ಹಾಕಿದ್ದು ನಮಗಂತೂ ಸರಿಕಂಡಿಲ್ಲ.

ಸಣ್ಣ ವಿಷಯಗಳಲ್ಲಿಯೂ ಧಣಿಯ ಚಾಳಿ ನುಸುಳುವುದುಂಟು. ಉಬುಂಟುವಿನ ಸ್ನ್ಯಾಪ್ ಎಂಬ ಹೊಸ ಬಗೆಯ ಪ್ಯಾಕೇಜುಗಳು ತಮ್ಮಷ್ಟಕ್ಕೆ ತಾವೇ ಅಪ್‌ಡೇಟ್ ಆಗುತ್ತಿದ್ದವು. ಮುಂದೂಡಬಹುದಿತ್ತು, ಪೂರ್ತಿ ನಿಲ್ಲಿಸುವ ನೇರವಾದ ಉಪಾಯವಿರಲಿಲ್ಲ. ಜನ ವರ್ಷಗಟ್ಟಲೆ ಗೊಣಗಿದ ಮೇಲೆ ೨೦೨೨ರಲ್ಲಿ ಅದನ್ನು ಒದಗಿಸಿದರು. ಅಷ್ಟರಲ್ಲಿ, ೨೦೨೦ರಲ್ಲೇ, ಉಬುಂಟುವಿನಿಂದ ಹುಟ್ಟಿದ ಮಿಂಟ್ ಎಂಬ ವಿತರಣೆಯವರು ಸ್ನ್ಯಾಪನ್ನೇ ಹೊರಗಿಟ್ಟಿದ್ದರು. ಯಂತ್ರ ನಿಮ್ಮದಾದರೆ ಅದನ್ನು ಯಾವಾಗ ಬದಲಿಸಬೇಕೆಂಬ ಮಾತೂ ನಿಮ್ಮದಾಗಿರಬೇಡವೇ?

ಇನ್ನು ಡೆಬಿಯನ್ನಿನ ವಿಷಯದಲ್ಲೇ ಒಂದು ಕಹಿ ಮಾತು ಹೇಳಬೇಕಾಗಿದೆ. ೨೦೨೫ರ ಟ್ರಿಕ್ಸಿ ಬಿಡುಗಡೆಯಲ್ಲಿ ಹಳೆಯ ೩೨ ಬಿಟ್ಟಿನ ಪಿಸಿಗಳಿಗೆ ಸ್ಥಾಪನೆಯ ಸಲಕರಣೆಯನ್ನೂ ತಿರುಳನ್ನೂ ಕೈಬಿಟ್ಟರು. ಅಂಥ ಯಂತ್ರವಿರುವವರು ಟ್ರಿಕ್ಸಿಗೆ ಬರಬೇಡಿ, ಆಗುವುದಾದರೆ ೬೪ ಬಿಟ್ಟಿನದನ್ನು ಹಾಕಿಕೊಳ್ಳಿ, ಇಲ್ಲವೆ ಯಂತ್ರಕ್ಕೆ ನಿವೃತ್ತಿ ಕೊಡಿ ಎಂದು ಅವರ ಬಿಡುಗಡೆಯ ಟಿಪ್ಪಣಿಯೇ ಹೇಳುತ್ತದೆ. ಮೈಕ್ರೋಸಾಫ್ಟಿನವರ ತೀರ್ಪಿಗೂ ಇದಕ್ಕೂ ಧ್ವನಿಯಲ್ಲಿ ಹೆಚ್ಚು ಅಂತರವಿಲ್ಲ. ಆದರೆ ಕಾರಣದಲ್ಲಿ ಅಂತರವುಂಟು. ಡೆಬಿಯನ್ನಿಗೆ ಹೊಸ ಯಂತ್ರ ಮಾರಿ ಬರುವ ಲಾಭ ಏನೂ ಇಲ್ಲ. ಆ ಹಳೆಯ ಯಂತ್ರಗಳ ಮೇಲೆ ಕಟ್ಟುವ, ಪರೀಕ್ಷಿಸುವ, ದೋಷ ತಿದ್ದುವ ಕೈಗಳು ಸಾಲದಾದವು. ತಿರುಳಿನ ವಿಷಯದಲ್ಲಿಯೂ ಇದೇ ಹಾಡು: ಆರು ವರ್ಷ ನೋಡಿಕೊಳ್ಳುತ್ತಿದ್ದ ದೀರ್ಘಾವಧಿಯ ಆವೃತ್ತಿಗಳನ್ನು ಎರಡು ವರ್ಷಕ್ಕೆ ಇಳಿಸುವ ಮಾತು ೨೦೨೩ರಲ್ಲಿ ಹೊರಬಂದಾಗ, ನೋಡಿಕೊಳ್ಳುವವರು ದಣಿದಿದ್ದಾರೆ ಎಂಬ ಕಾರಣವೂ ಕೇಳಿಬಂತು. ಕೆರೆ ಊರಿಗೆಲ್ಲ ಸೇರಿದ್ದು. ಹೂಳೆತ್ತುವ ದಿನ ಮಾತ್ರ ನಾಲ್ಕೇ ಜನ. ನೀರು ಕುಡಿಯುವವರಲ್ಲಿ ಲೋಕದ ದೊಡ್ಡ ದೊಡ್ಡ ಬಂಡವಳಗಾರರೂ ಸೇರಿದ್ದಾರೆ, ಸರ್ಕಾರಗಳೂ ಸೇರಿವೆ.

ಸರ್ಕಾರದ ಮಾತು ಬಂದದ್ದರಿಂದ ಹೇಳುತ್ತೇವೆ. ಭಾರತ ಸರ್ಕಾರ ೨೦೧೫ರಲ್ಲಿ ಮುಕ್ತ ತಂತ್ರಾಂಶವನ್ನು ಆಡಳಿತದಲ್ಲಿ ಅಳವಡಿಸುವ ನೀತಿಯನ್ನು ಹೊರಡಿಸಿತು. ಸಂತೋಷ. ಆದರೆ ಅಳವಡಿಸುವುದು ಒಂದು ದಿನದ ಕೆಲಸ. ಐದು ವರ್ಷಕ್ಕೊಮ್ಮೆ ಹೊಸ ಬಿಡುಗಡೆಗೆ ದಾಟಿಸುವುದು, ನಡುವೆ ತಿಂಗಳು ತಿಂಗಳೂ ತೇಪೆ ಹಾಕುವುದು ಎಂದೂ ಮುಗಿಯದ ಕೆಲಸ. ನೆರೆಯ ಕೇರಳದಲ್ಲಿ ಇದನ್ನು ತಕ್ಕಮಟ್ಟಿಗೆ ಅರಿತಿದ್ದಾರೆ. ಅಲ್ಲಿನ ಶಾಲೆಗಳಿಗಾಗಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವಿನ ದೀರ್ಘಾವಧಿ ಬಿಡುಗಡೆಯನ್ನು ತೆಗೆದುಕೊಂಡು, ಪಠ್ಯಕ್ಕೆ ಬೇಕಾದ ಸಲಕರಣೆಗಳನ್ನು ಸೇರಿಸಿ ತನ್ನದೇ ವಿತರಣೆಯನ್ನು ಹೊರತರುತ್ತದೆ. ಮೇಷ್ಟರುಗಳಿಗೆ ತರಬೇತಿಯನ್ನೂ ಕೊಡುತ್ತದೆ. ಅಲ್ಲಿ ಒಂದು ಬಿಡುಗಡೆಯಿಂದ ಇನ್ನೊಂದಕ್ಕೆ ದಾಟುವುದು ಸರ್ಕಾರಿ ಸಂಬಳದ ಜನರ ಕೆಲಸ. ಮೇಷ್ಟರೊಬ್ಬರ ಭಾನುವಾರದ ಪರದಾಟವಲ್ಲ.

ನಮ್ಮಲ್ಲಿ ಯಾವ ಇಲಾಖೆಯೇ ಆಗಲಿ, ಕಂಪ್ಯೂಟರುಗಳಿಗೆ ಟೆಂಡರು ಕರೆಯುವಾಗ ತಂತ್ರಾಂಶ ಪುಕ್ಕಟೆ ಎಂದು ಆ ಸಾಲಿನಲ್ಲಿ ಸೊನ್ನೆ ಬರೆದು ಕೈತೊಳೆದುಕೊಳ್ಳಬಾರದು. ಉಳಿದ ಹಣದಲ್ಲಿ ಒಂದು ಪಾಲನ್ನು ಆರೈಕೆಯ ಕೂಲಿಗೆಂದು ಹೆಸರಿಟ್ಟು ತೆಗೆದಿರಿಸಲಿ. ಆ ಪಾಲಿನಿಂದ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಹುಡುಗಿಯರು ಸಂಬಳ ಪಡೆದು ದೋಷ ತಿದ್ದುವ, ಹಳೆಯ ಯಂತ್ರಗಳ ಮೇಲೆ ಪರೀಕ್ಷಿಸುವ ಕೆಲಸಕ್ಕೆ ಕೂಡಲಿ. ಕನ್ನಡದ ಒತ್ತಕ್ಷರ ಸರಿಯಾಗಿ ಮೂಡುತ್ತದೆಯೇ ಎಂದು ಬಾಗಿಲು ಹಾಕುವ ದಿನಕ್ಕೆ ಮುಂಚೆಯೇ ನೋಡಿ ಹೇಳುವವರೂ ಅವರೇ ಆಗಲಿ. ಹಾಗಾದರೆ ಎರಡು ವರ್ಷ ಕಾಯುವ ಶಿಕ್ಷೆ ತಪ್ಪುತ್ತದೆ. ಡೆಬಿಯನ್ನಿನ ಬಾಗಿಲು ಯಾರನ್ನೂ ಜಾತಿ ಕೇಳಿ ಒಳಗೆ ಬಿಡುವುದಿಲ್ಲ, ಪದವಿ ಕೇಳಿಯೂ ಅಲ್ಲ. ಮಾಡಿದ ಕೆಲಸ ನೋಡುತ್ತಾರೆ, ಸದಸ್ಯರಾದ ಮೇಲೆ ಮತದ ಹಕ್ಕೂ ಬರುತ್ತದೆ. ಬಿಡುಗಡೆಯ ದಿನ ಗೊತ್ತುಮಾಡುವವರ ಸಾಲಿನಲ್ಲಿ ನಮ್ಮ ಜಿಲ್ಲೆಯವರೂ ಕುಳಿತುಕೊಳ್ಳುವ ದಾರಿ ಅದು.

ಇದಕ್ಕೆ ಮುಂಚೆ ಆಗಬೇಕಾದ ಒಂದು ಸಣ್ಣ ಕೆಲಸವುಂಟು. ೩೨ ಬಿಟ್ಟಿನ ಹಳೆಯ ಪಿಸಿಗಳು ಓಡಬಲ್ಲ ಡೆಬಿಯನ್ ೧೨ಕ್ಕೆ ದೀರ್ಘಾವಧಿಯ ಆರೈಕೆ ೨೦೨೮ರ ಜೂನ್ ೩೦ಕ್ಕೆ ಮುಗಿಯುತ್ತದೆ. ಅಂಥ ಯಂತ್ರಗಳು ಜಿಲ್ಲೆಯ ಯಾವ ಯಾವ ಶಾಲೆಯಲ್ಲಿ ಎಷ್ಟೆಷ್ಟು ಇವೆ ಎಂಬ ಎಣಿಕೆಯನ್ನು ಶಿಕ್ಷಣ ಇಲಾಖೆಯವರು ಈಗ ಆರಂಭಿಸಿದರೆ ಆ ತಾರೀಖಿನೊಳಗೆ ಮುಗಿದೀತು.